ಲಿಫ್ಟ್ ಮಾಡಿದ ಗಾಡಿಯ ಸ್ಟೀರಿಂಗ್: ಯಾವುದನ್ನು ಮೊದಲು ಸರಿಪಡಿಸಬೇಕು

ಲಿಫ್ಟ್ ಕಿಟ್, ಅಂದರೆ ಗಾಡಿಯನ್ನು ಕೆಲವು ಇಂಚು ಎತ್ತರಿಸುವ ಬಿಡಿಭಾಗಗಳು, ಹಾಕಿಸಿದ ಗಾಡಿ ಕಾಡುದಾರಿಯಲ್ಲಿ ಚೆನ್ನಾಗಿಯೇ ಓಡುತ್ತದೆ. ತೊಂದರೆ ಕಾಣುವುದು ಹೆದ್ದಾರಿಗೆ ಇಳಿದಾಗ. ಗಂಟೆಗೆ 80 ಕಿ.ಮೀ. ದಾಟಿದರೆ ಗಾಡಿ ತೇಲಿದಂತಾಗುತ್ತದೆ, ನೇರ ರಸ್ತೆಯಲ್ಲೂ ಸ್ಟೀರಿಂಗನ್ನು ಎಡಕ್ಕೆ ಬಲಕ್ಕೆ ತಿದ್ದುತ್ತಲೇ ಇರಬೇಕಾಗುತ್ತದೆ. ತಿರುವಿನ ನಂತರ ಸ್ಟೀರಿಂಗ್ ತಾನಾಗಿ ನೆಟ್ಟಗಾಗುವುದಿಲ್ಲ. ಹಂಪ್ ಹಾರಿದರೆ ಗಾಡಿ ಒಂದು ಪಕ್ಕಕ್ಕೆ ಜಿಗಿಯುತ್ತದೆ. "ಲಿಫ್ಟ್ ಮಾಡಿದ ಮೇಲೆ ಇಷ್ಟೇ, ಹೊಂದಿಕೊಳ್ಳಬೇಕು" ಎಂದು ಹೇಳುವವರು ಬಹಳ ಮಂದಿ. ನಾನು ಇದನ್ನು ಒಪ್ಪುವುದಿಲ್ಲ. ಎರಡು ಮೂರು ಇಂಚು ಎತ್ತಿದ ಗಾಡಿ ಹೆದ್ದಾರಿಯಲ್ಲಿ ಒಂದೇ ಕೈಯಲ್ಲಿ ಹಿಡಿಯುವಷ್ಟು ನೆಟ್ಟಗೆ ಓಡಬಲ್ಲದು. ಎತ್ತಿದಾಗ ಬದಲಾದ ಕೋನಗಳನ್ನು ಒಂದೊಂದಾಗಿ ಮೊದಲಿನ ಜಾಗಕ್ಕೆ ತಂದರೆ ಸಾಕು.

ಹೆಚ್ಚಿನವರು ಮಾಡುವುದು ಇದಕ್ಕೆ ಉಲ್ಟಾ. ಸ್ಟೀರಿಂಗ್ ನಡುಗಿತು ಎಂದೊಡನೆ ದಪ್ಪನೆಯ ಹೊಸ ಸ್ಟೀರಿಂಗ್ ಡ್ಯಾಂಪರ್ (ಸ್ಟೀರಿಂಗಿಗೆ ಬರುವ ಹೊಡೆತವನ್ನು ಮೆತ್ತಗೆ ಮಾಡುವ ಶಾಕ್) ತಂದು ಹಾಕುತ್ತಾರೆ. ನಡುಕ ಕೆಲವು ವಾರ ಅಡಗಿ ಮತ್ತೆ ಬರುತ್ತದೆ, ಏಕೆಂದರೆ ಕಾರಣ ಹಾಗೇ ಉಳಿದಿರುತ್ತದೆ. ಡ್ಯಾಂಪರ್ ಈ ಲೇಖನದ ಕೊನೆಯ ಭಾಗದಲ್ಲಿ ಬರುತ್ತದೆ, ನಿಮ್ಮ ಕೆಲಸದಲ್ಲೂ ಅದರ ಸರದಿ ಕೊನೆಗೇ ಬರಲಿ.

ಮುಂದೆ ಬರುವುದರಲ್ಲಿ ಬಹುಪಾಲು ಮುಂದುಗಡೆ ಸಾಲಿಡ್ ಆಕ್ಸಲ್, ಅಂದರೆ ಎರಡು ಚಕ್ರಗಳನ್ನೂ ಜೋಡಿಸುವ ಒಂದೇ ಗಟ್ಟಿ ಅಚ್ಚು, ಇರುವ ಗಾಡಿಗಳಿಗೆ: ಜೀಪ್ ರ‍್ಯಾಂಗ್ಲರ್, ಸುಜುಕಿ ಜಿಮ್ನಿ, ಟೊಯೋಟಾ ಲ್ಯಾಂಡ್ ಕ್ರೂಸರ್ 70 ಮತ್ತು 80 ಸರಣಿಯಂಥವು. ಈಗಿನ ಹೈಲಕ್ಸ್, ರೇಂಜರ್, ಡಿ-ಮ್ಯಾಕ್ಸ್‌ನಂತೆ ಮುಂದಿನ ಎರಡು ಚಕ್ರಗಳಿಗೆ ಬೇರೆ ಬೇರೆ ಸಸ್ಪೆನ್ಷನ್ ಇರುವ ಗಾಡಿಗಳಿಗೆ ಪ್ರತ್ಯೇಕ ಭಾಗವಿದೆ.

ಎತ್ತಿದಾಗ ಆಗುವುದೇನು

ಮೊದಲು ಒಂದು ವ್ಯತ್ಯಾಸ ತಿಳಿದಿರಲಿ. ಚಾಸಿಗೂ ಬಾಡಿಗೂ ನಡುವೆ ತುಂಡುಗಳನ್ನಿಟ್ಟು ಬಾಡಿ ಮಾತ್ರ ಎತ್ತಿದರೆ ಸಸ್ಪೆನ್ಷನ್ ಮತ್ತು ಸ್ಟೀರಿಂಗ್ ಕೊಂಡಿಗಳ ಕೋನ ಬದಲಾಗುವುದಿಲ್ಲ. ಅಲ್ಲಿ ನೋಡಬೇಕಾದ್ದು ಸ್ಟೀರಿಂಗ್ ಶಾಫ್ಟಿನ ಉದ್ದ ಮತ್ತು ಅದರ ಜಾಯಿಂಟುಗಳು ಬಿಗಿಯುತ್ತವೆಯೇ ಎಂಬುದು. ಉದ್ದನೆಯ ಸ್ಪ್ರಿಂಗ್ ಅಥವಾ ಸ್ಪೇಸರ್ ಹಾಕಿ ಸಸ್ಪೆನ್ಷನ್ ಎತ್ತಿದರೆ ಆಕ್ಸಲ್ಲಿಗೂ ಚಾಸಿಗೂ ನಡುವಿನ ಅಂತರ ಹೆಚ್ಚುತ್ತದೆ. ಆಗ ಆ ಎರಡನ್ನೂ ಜೋಡಿಸುವ ಪ್ರತಿಯೊಂದು ಸರಳೂ ಓರೆಯಾಗುತ್ತದೆ.

ಹಾಗೆ ಓರೆಯಾದಾಗ ನಾಲ್ಕು ಬದಲಾವಣೆಗಳು ಒಟ್ಟಿಗೆ ಬರುತ್ತವೆ. ಕ್ಯಾಸ್ಟರ್, ಅಂದರೆ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ, ಕಡಿಮೆಯಾಗುತ್ತದೆ. ಪಾನ್‌ಹಾರ್ಡ್ ರಾಡ್, ಅಂದರೆ ಆಕ್ಸಲ್ ಅಡ್ಡಕ್ಕೆ ಸರಿಯದಂತೆ ಹಿಡಿಯುವ ಟ್ರ್ಯಾಕ್ ಬಾರ್, ಆಕ್ಸಲ್ಲನ್ನು ಒಂದು ಪಕ್ಕಕ್ಕೆ ಎಳೆಯುತ್ತದೆ. ಸ್ಟೀರಿಂಗ್ ಬಾಕ್ಸಿನಿಂದ ಚಕ್ರಕ್ಕೆ ಹೋಗುವ ಸರಳಾದ ಡ್ರ್ಯಾಗ್ ಲಿಂಕ್ ಕಡಿದಾಗಿ ನಿಂತು ಸ್ಟೀರಿಂಗ್ ಚಕ್ರ ನಡುವಿನಿಂದ ಸರಿಯುತ್ತದೆ. ಗಾಡಿಯ ಭಾರದ ಕೇಂದ್ರ ಮೇಲೇರಿ ತಿರುವಿನಲ್ಲಿ ವಾಲುವುದು ಹೆಚ್ಚುತ್ತದೆ. ಇದರ ಜೊತೆಗೆ ದೊಡ್ಡ ಟೈರಿನ ತೂಕವೂ ಸೇರಿಕೊಂಡು, ಮೊದಲೇ ಸವೆದಿದ್ದ ಬುಷ್ಷು ಬಾಲ್ ಜಾಯಿಂಟುಗಳ ಬಣ್ಣ ಬಯಲಾಗುತ್ತದೆ.

ಲಿಫ್ಟ್ ಇನ್ನೂ ಮಾಡಿಸಿಲ್ಲ ಎಂದಾದರೆ ಈಗಲೇ ಟೇಪು ಹಿಡಿಯಿರಿ. ನಾಲ್ಕೂ ಚಕ್ರಗಳ ಹಬ್ಬಿನ ನಡುವಿನಿಂದ ಮೇಲಿನ ಫೆಂಡರ್ ಅಂಚಿನವರೆಗಿನ ಎತ್ತರ, ಕ್ಯಾಸ್ಟರ್, ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲು), ಟೋ (ಮೇಲಿನಿಂದ ನೋಡಿದಾಗ ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವುದು), ಸ್ಟೀರಿಂಗ್ ನೆಟ್ಟಗಿರುವಾಗಿನ ಒಂದು ಫೋಟೋ, ಇಷ್ಟನ್ನೂ ಬರೆದಿಟ್ಟುಕೊಳ್ಳಿ. "ಎರಡು ಇಂಚಿನ ಕಿಟ್" ಎಂಬ ಹೆಸರಿದ್ದರೂ ಗಾಡಿ ನಿಜಕ್ಕೂ ಎಷ್ಟು ಎದ್ದಿದೆ ಎಂಬುದು ನಿಮ್ಮ ಗಾಡಿಯ ತೂಕದ ಮೇಲೆ ನಿಲ್ಲುತ್ತದೆ. ಅಳತೆ ಇಲ್ಲದಿದ್ದರೆ ಆಮೇಲೆ ಬರೀ ಊಹೆಯೇ ಗತಿ. ಮೂಲ ವಿನ್ಯಾಸ ಬದಲಿಸುವುದಕ್ಕೆ ನೀವಿರುವಲ್ಲಿನ ಸಾರಿಗೆ ಇಲಾಖೆ ಮತ್ತು ವಿಮೆಯ ನಿಯಮ ಏನು ಹೇಳುತ್ತದೆ ಎಂಬುದನ್ನೂ ಈಗಲೇ ವಿಚಾರಿಸಿಕೊಳ್ಳಿ.

ಹಂತ 1: ಸವೆದದ್ದನ್ನು ಹುಡುಕಿ

ಸಡಿಲ ಜಾಯಿಂಟಿರುವ ಗಾಡಿಗೆ ಅಲೈನ್‌ಮೆಂಟ್ ಮಾಡಿಸಿ ಪ್ರಯೋಜನವಿಲ್ಲ. ಅಳತೆ ತೆಗೆದ ಮರುಕ್ಷಣವೇ ಅದು ಬದಲಾಗುತ್ತದೆ. ಅದಕ್ಕೇ ಈ ಹಂತ ಎಲ್ಲಕ್ಕಿಂತ ಮೊದಲು.

ಗಾಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲು ಅಥವಾ ಮರದ ತುಂಡು ಕೊಡಿ. ಚಕ್ರಗಳು ನೆಲದ ಮೇಲೇ ಇರಲಿ, ಜಾಕ್ ಬೇಡ. ಗೇರು ನ್ಯೂಟ್ರಲ್ ಅಥವಾ ಪಾರ್ಕಿನಲ್ಲಿರಲಿ, ಪವರ್ ಸ್ಟೀರಿಂಗ್ ಕೆಲಸ ಮಾಡುವಂತೆ ಇಂಜಿನ್ ಚಾಲೂ ಇರಲಿ. ಒಬ್ಬರು ಒಳಗೆ ಕೂತು ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಚುರುಕಾಗಿ ಆಡಿಸಲಿ. ಗಡಿಯಾರದ ಹತ್ತರಿಂದ ಎರಡರವರೆಗಿನಷ್ಟು ಸಾಕು. ಇನ್ನೊಬ್ಬರು ಮುಂದಿನಿಂದ ಬ್ಯಾಟರಿ ದೀಪ ಹಿಡಿದು ಕೆಳಗೆ ನೋಡಲಿ, ಫ್ಯಾನಿಗೂ ಬೆಲ್ಟಿಗೂ ಬಟ್ಟೆ ಸಿಗದಂತೆ ದೂರವಿರಲಿ.

ನೋಡಬೇಕಾದ ಕ್ರಮ ಹೀಗೆ: ಸ್ಟೀರಿಂಗ್ ಶಾಫ್ಟಿನ ಜಾಯಿಂಟುಗಳು, ಸ್ಟೀರಿಂಗ್ ಬಾಕ್ಸ್ ಚಾಸಿಗೆ ಕೂತ ಬೋಲ್ಟುಗಳು, ಪಿಟ್‌ಮನ್ ಆರ್ಮ್ (ಬಾಕ್ಸಿನಿಂದ ಡ್ರ್ಯಾಗ್ ಲಿಂಕನ್ನು ಆಡಿಸುವ ಕೈ), ಡ್ರ್ಯಾಗ್ ಲಿಂಕಿನ ಎರಡೂ ತುದಿ, ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ಟೈ ರಾಡಿನ ಎರಡೂ ತುದಿ, ಪಾನ್‌ಹಾರ್ಡ್ ರಾಡಿನ ಎರಡೂ ತುದಿ. ಒಂದು ಭಾಗ ಅಲ್ಲಾಡಿ ಅದಕ್ಕೆ ಸೇರಿದ ಇನ್ನೊಂದು ತಡವಾಗಿ ಅಲ್ಲಾಡಿದರೆ ಪ್ಲೇ, ಅಂದರೆ ಸಡಿಲ, ಇರುವುದು ಅಲ್ಲಿಯೇ. ಕಣ್ಣಿಗೆ ಕಾಣದಿದ್ದರೆ ಜಾಯಿಂಟಿನ ಮೇಲೆ ಬೆರಳಿಡಿ, "ಟಕ್" ಎಂಬುದು ಬೆರಳಿಗೆ ಸಿಗುತ್ತದೆ. ಬೆರಳನ್ನು ಎರಡು ಭಾಗಗಳ ಸಂದಿಗೆ ಮಾತ್ರ ಹಾಕಬೇಡಿ.

ಪಾನ್‌ಹಾರ್ಡ್ ರಾಡಿನ ಬೋಲ್ಟುಗಳ ಮೇಲೆ ವಿಶೇಷ ಗಮನವಿರಲಿ. ಬೋಲ್ಟಿನ ದಪ್ಪ ಕಡಿಮೆಯಿದ್ದು ಬ್ರಾಕೆಟ್ಟಿನ ತೂತು ಸ್ವಲ್ಪ ದೊಡ್ಡದಿದ್ದರೂ ಪ್ರತಿ ತಿರುವಿನಲ್ಲೂ ಅದು ಸರಿದಾಡಿ ತೂತನ್ನು ಮೊಟ್ಟೆಯಾಕಾರಕ್ಕೆ ಕೊರೆಯುತ್ತದೆ. ಹಾಗೆ ಕೊರೆದ ತೂತು ಎಷ್ಟು ಬಿಗಿದರೂ ನಿಲ್ಲದು. ದಪ್ಪ ವಾಷರನ್ನು ವೆಲ್ಡ್ ಮಾಡಿಸಿ ಸರಿಯಾದ ಅಳತೆಗೆ ತೂತು ಕೊರೆಸಬೇಕು, ಇಲ್ಲವೇ ಬ್ರಾಕೆಟ್ ಬದಲಿಸಬೇಕು.

ಇದಾದ ಮೇಲೆ ಮುಂದಿನ ಆಕ್ಸಲ್ಲನ್ನು ಜಾಕಿನಿಂದ ಎತ್ತಿ, ಸ್ಟ್ಯಾಂಡಿನ ಮೇಲೆ ಕೂರಿಸಿ. ಬರೀ ಜಾಕಿನ ಮೇಲೆ ನಿಂತ ಗಾಡಿಯಡಿ ಎಂದೂ ತೂರಬೇಡಿ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಆಟವಿದ್ದರೆ ಹಬ್ ಬೇರಿಂಗ್ ಅಥವಾ ಬಾಲ್ ಜಾಯಿಂಟ್ ಸವೆದಿದೆ. ಜಿಮ್ನಿ, ಹಳೆಯ ಲ್ಯಾಂಡ್ ಕ್ರೂಸರುಗಳಲ್ಲಿ ಬಾಲ್ ಜಾಯಿಂಟಿನ ಬದಲು ಕಿಂಗ್‌ಪಿನ್ ಬೇರಿಂಗುಗಳಿರುತ್ತವೆ. ಅವುಗಳ ಬಿಗಿ ಸಡಿಲಾದರೆ ಸ್ಟೀರಿಂಗ್ ನಡುಗುವುದು ಈ ಗಾಡಿಗಳಲ್ಲಿ ತೀರಾ ಸಾಮಾನ್ಯ. ಪಕ್ಕದಿಂದ ಪಕ್ಕಕ್ಕೆ ಹಿಡಿದು ಅಲ್ಲಾಡಿಸಿದಾಗ ಆಟ ಸಿಕ್ಕರೆ ಟೈ ರಾಡ್ ತುದಿಗಳನ್ನು ಇನ್ನೊಮ್ಮೆ ನೋಡಿ.

ಹಂತ 2: ಪಾನ್‌ಹಾರ್ಡ್ ರಾಡ್ ಮತ್ತು ಡ್ರ್ಯಾಗ್ ಲಿಂಕ್

ಇಡೀ ಕೆಲಸದ ತಿರುಳು ಇಲ್ಲಿದೆ. ಪಾನ್‌ಹಾರ್ಡ್ ರಾಡಿನ ಒಂದು ತುದಿ ಚಾಸಿಗೆ, ಇನ್ನೊಂದು ತುದಿ ಆಕ್ಸಲ್ಲಿಗೆ ಸೇರಿರುತ್ತದೆ. ಆಕ್ಸಲ್ ಅಡ್ಡಕ್ಕೆ ಸರಿಯದಂತೆ ಹಿಡಿಯುವುದು ಅದೊಂದೇ. ಚಾಸಿ ಮೇಲೆದ್ದರೆ ರಾಡ್ ಕಡಿದಾಗುತ್ತದೆ. ಕಡಿದಾದ ರಾಡ್ ಅಡ್ಡಕ್ಕೆ ತಲುಪುವ ದೂರ ಕಡಿಮೆಯಾಗುವುದರಿಂದ ಚಾಸಿಯ ಕಡೆಯ ತುದಿ ಯಾವ ಪಕ್ಕದಲ್ಲಿದೆಯೋ ಆ ಪಕ್ಕಕ್ಕೆ ಆಕ್ಸಲ್ ಸರಿಯುತ್ತದೆ. ಲೆಕ್ಕ ಹಾಕಿ ನೋಡಿ: ರಾಡ್ 900 ಮಿ.ಮೀ. ಉದ್ದವಿದ್ದು ಎರಡು ತುದಿಗಳ ಎತ್ತರದ ವ್ಯತ್ಯಾಸ ಮೊದಲು 100 ಮಿ.ಮೀ. ಇತ್ತು ಎನ್ನಿ. 75 ಮಿ.ಮೀ. ಲಿಫ್ಟ್ ಮಾಡಿದರೆ ಆಕ್ಸಲ್ ಸುಮಾರು 12 ಮಿ.ಮೀ. ಪಕ್ಕಕ್ಕೆ ಹೋಗುತ್ತದೆ.

ನಿಮ್ಮ ಗಾಡಿಯಲ್ಲಿ ಎಷ್ಟು ಸರಿದಿದೆ ಎಂದು ತಿಳಿಯಲು ತೂಕಗುಂಡು ಕಟ್ಟಿದ ದಾರ ಸಾಕು. ಚಾಸಿಯ ಎರಡೂ ಪಕ್ಕದಲ್ಲಿ ಒಂದೇ ಬಗೆಯ ಜಾಗದಿಂದ ದಾರ ಇಳಿಬಿಟ್ಟು, ದಾರದಿಂದ ರಿಮ್ಮಿನ ಅಂಚಿನವರೆಗೆ ಅಳೆಯಿರಿ. ಎಡಕ್ಕೆ 60, ಬಲಕ್ಕೆ 36 ಬಂದರೆ ವ್ಯತ್ಯಾಸ 24, ಅದರ ಅರ್ಧ, ಅಂದರೆ 12 ಮಿ.ಮೀ. ಆಕ್ಸಲ್ ಸರಿದಿದೆ. ಹಿಂದಿನ ಆಕ್ಸಲ್ಲಿಗೂ ಇದೇ ರೀತಿ ಅಳೆಯಿರಿ. ಹಿಂದೆ ಪಾನ್‌ಹಾರ್ಡ್ ರಾಡ್ ಇದ್ದು, ಅದರ ಚಾಸಿ ತುದಿ ಮುಂದಿನದಕ್ಕೆ ಎದುರು ಪಕ್ಕದಲ್ಲಿದ್ದರೆ ಎರಡು ಆಕ್ಸಲ್‌ಗಳು ಎರಡು ದಿಕ್ಕಿಗೆ ಸರಿದು, ಗಾಡಿ ನೇರ ಹೋಗುವಾಗಲೂ ಓರೆಯಾಗಿ ಹೋದಂತೆ ಕಾಣುತ್ತದೆ.

ಆಕ್ಸಲ್ಲನ್ನು ನಡುವಿಗೆ ತರಲು ದಾರಿಗಳು ಎರಡು. ಉದ್ದ ಹೊಂದಿಸಬಹುದಾದ ಪಾನ್‌ಹಾರ್ಡ್ ರಾಡ್ ಹಾಕುವುದು ಒಂದು. ಆಕ್ಸಲ್ಲಿನ ಕಡೆಯ ತುದಿಯನ್ನು ಬ್ರಾಕೆಟ್ಟಿನಿಂದ ಮೇಲೆತ್ತಿ ರಾಡನ್ನು ಮತ್ತೆ ಮಲಗಿಸುವುದು ಇನ್ನೊಂದು. ರಾಡ್ ಹೊಂದಿಸುವಾಗ ಗಾಡಿಯ ಪೂರ್ತಿ ಭಾರ ಚಕ್ರಗಳ ಮೇಲಿರಬೇಕು. ಬೋಲ್ಟ್ ತೂತಿಗೆ ಕೂರದೆ ಹಟ ಮಾಡಿದರೆ ಇನ್ನೊಬ್ಬರು ಸ್ಟೀರಿಂಗನ್ನು ಸ್ವಲ್ಪ ತಿರುಗಿಸಲಿ, ಬಾಡಿ ಪಕ್ಕಕ್ಕೆ ಜರುಗಿ ತೂತು ಹೊಂದಿಕೊಳ್ಳುತ್ತದೆ. ಆಗ ತೂತಿನೊಳಗೆ ಬೆರಳು ಹಾಕಿ ನೋಡುವ ಅಭ್ಯಾಸ ಬೇಡ, ಸ್ಕ್ರೂಡ್ರೈವರ್ ಬಳಸಿ.

ಈಗ ಡ್ರ್ಯಾಗ್ ಲಿಂಕ್. ಸ್ಟೀರಿಂಗ್ ಬಾಕ್ಸಿನಿಂದ ಚಕ್ರಕ್ಕೆ ಹೋಗುವ ಈ ಸರಳು ಪಾನ್‌ಹಾರ್ಡ್ ರಾಡಿಗೆ ಸಮಾನಾಂತರವಾಗಿರಬೇಕು, ಆದಷ್ಟು ಅದರಷ್ಟೇ ಉದ್ದವಿರಬೇಕು. ಹಾಗಿದ್ದಾಗ ಆಕ್ಸಲ್ ಮೇಲೆ ಕೆಳಗೆ ಆಡಿದರೂ ಎರಡು ಸರಳುಗಳ ತುದಿಗಳು ಒಂದೇ ಕಮಾನಿನಲ್ಲಿ ಚಲಿಸುತ್ತವೆ, ಚಕ್ರ ತಾನಾಗಿ ತಿರುಗುವುದಿಲ್ಲ. ಒಂದು ಕಡಿದಾಗಿ ಇನ್ನೊಂದು ಮಲಗಿದ್ದರೆ ಪ್ರತಿ ಗುಂಡಿಯಲ್ಲೂ ಒಂದು ಸರಳು ಇನ್ನೊಂದನ್ನು ಎಳೆಯುತ್ತದೆ. ಹಂಪಿನಲ್ಲಿ ಗಾಡಿ ಪಕ್ಕಕ್ಕೆ ಜಿಗಿಯುವುದು, ಜೋರಾಗಿ ಬ್ರೇಕ್ ಹಾಕಿದಾಗ ಸ್ಟೀರಿಂಗ್ ಒಂದು ಕಡೆಗೆ ಎಳೆಯುವುದು ಇದರಿಂದಲೇ. ಬಂಪ್ ಸ್ಟಿಯರ್ ಎನ್ನುವುದು ಇದಕ್ಕೇ.

ಗಾಡಿಯ ಮುಂದೆ ಕೂತು ಕಣ್ಣಳತೆಯಲ್ಲೇ ನೋಡಿ, ಎರಡೂ ಸರಳು ಜೊತೆಯಾಗಿ ಹೋಗುತ್ತಿವೆಯೇ? ಖಚಿತವಾಗಬೇಕಾದರೆ ಇಂಜಿನ್ ಆಫ್ ಇರಲಿ, ಸ್ಟೀರಿಂಗ್ ಲಾಕ್ ಬಿಟ್ಟಿರಲಿ. ಚಾಸಿಯಡಿ ಜಾಕ್ ಕೊಟ್ಟು ಮುಂಭಾಗವನ್ನು ಮೆಲ್ಲಗೆ ಎತ್ತಿ ಇಳಿಸಿ, ಸ್ಟೀರಿಂಗ್ ಚಕ್ರವನ್ನು ಗಮನಿಸಿ. ಅದು ತಾನಾಗಿ ಎಷ್ಟು ಹೆಚ್ಚು ತಿರುಗುತ್ತದೋ ಬಂಪ್ ಸ್ಟಿಯರ್ ಅಷ್ಟು ಹೆಚ್ಚಿದೆ.

ಇಲ್ಲಿ ನಡೆಯುವ ಒಂದು ತಪ್ಪಿನ ಬಗ್ಗೆ ಒತ್ತಿ ಹೇಳಬೇಕು. ಡ್ರ್ಯಾಗ್ ಲಿಂಕ್ ಕಡಿದಾಗಿದೆ ಎಂದು ಕೆಳಕ್ಕೆ ಬಾಗಿದ ಪಿಟ್‌ಮನ್ ಆರ್ಮ್ ಹಾಕುತ್ತಾರೆ, ಪಾನ್‌ಹಾರ್ಡ್ ರಾಡನ್ನು ಮಾತ್ರ ಹಾಗೇ ಬಿಡುತ್ತಾರೆ. ಒಂದನ್ನಷ್ಟೇ ಸರಿಸಿದರೆ ಇದ್ದ ಸಮಾನಾಂತರವೂ ಕೆಡುತ್ತದೆ. ಒಂದು ಸರಳಿನ ತುದಿಯನ್ನು ಎಷ್ಟು ಇಳಿಸಿದಿರೋ ಏರಿಸಿದಿರೋ ಇನ್ನೊಂದನ್ನೂ ಅಷ್ಟೇ ಇಳಿಸಬೇಕು, ಏರಿಸಬೇಕು. ನನ್ನನ್ನು ಕೇಳಿದರೆ ಎರಡನ್ನೂ ಆಕ್ಸಲ್ಲಿನ ಕಡೆಯಿಂದ ಮೇಲೆತ್ತುವುದೇ ಉತ್ತಮ. ಉದ್ದದ ಪಿಟ್‌ಮನ್ ಆರ್ಮ್ ಸ್ಟೀರಿಂಗ್ ಬಾಕ್ಸಿನ ಶಾಫ್ಟಿಗೆ ಹೆಚ್ಚು ತಿರುಚು ಕೊಡುತ್ತದೆ, ಕೆಳಗಿಳಿದ ಸರಳು ಬಂಡೆಗೆ ಮೊದಲು ಸಿಗುತ್ತದೆ. ಆಕ್ಸಲ್ಲಿನ ಕಡೆ ಎತ್ತಿದರೆ ವಾಲುವಿಕೆಯೂ ತಗ್ಗುತ್ತದೆ, ಅದಕ್ಕೆ ಕಾರಣ ಮುಂದೆ ಬರುತ್ತದೆ. ಆದರೆ ಎತ್ತಿದ ಸರಳು ಸಸ್ಪೆನ್ಷನ್ ಪೂರ್ತಿ ಒತ್ತಿದಾಗ ಚಾಸಿಗೋ ಇಂಜಿನ್ನಿನ ಆಯಿಲ್ ಪ್ಯಾನಿಗೋ ತಾಗಬಾರದು. ಬೇಕಾದರೆ ಬಂಪ್ ಸ್ಟಾಪಿನ (ಸಸ್ಪೆನ್ಷನ್ ಒತ್ತುವುದಕ್ಕೆ ಮಿತಿ ಹಾಕುವ ತಡೆ) ಉದ್ದ ಹೆಚ್ಚಿಸಿ.

ಹಂತ 3: ಕ್ಯಾಸ್ಟರ್

ಸೈಕಲ್ಲನ್ನು ಪಕ್ಕದಿಂದ ನೋಡಿದರೆ ಮುಂದಿನ ಫೋರ್ಕಿನ ಮೇಲ್ತುದಿ ಹಿಂದಕ್ಕೆ ವಾಲಿರುತ್ತದೆ. ಆ ವಾಲಿನಿಂದಲೇ ಚಕ್ರ ತಾನಾಗಿ ನೆಟ್ಟಗಾಗಲು ನೋಡುತ್ತದೆ. ನಿಮ್ಮ ಗಾಡಿಯ ಚಕ್ರ ತಿರುಗುವ ಅಕ್ಷಕ್ಕೂ ಅಂಥದೇ ವಾಲು ಇದೆ, ಅದೇ ಕ್ಯಾಸ್ಟರ್. ತೇಲುವಿಕೆ, ತಿರುವಿನ ನಂತರ ಸ್ಟೀರಿಂಗ್ ಮರಳದಿರುವುದು, ರಸ್ತೆಯ ಇಳಿಜಾರಿಗೆ ಗಾಡಿ ಜಾರುವುದು ಈ ಮೂರೂ ಒಟ್ಟಿಗಿದ್ದರೆ ಬಹುತೇಕ ಕ್ಯಾಸ್ಟರ್ ಕಡಿಮೆಯಾಗಿದೆ ಎಂದೇ ಅರ್ಥ.

ಲ್ಯಾಂಡ್ ಕ್ರೂಸರ್ 80, ಜಿಮ್ನಿಯಂಥ ಗಾಡಿಗಳಲ್ಲಿ ಆಕ್ಸಲ್ಲಿಗೆ ಬಿಗಿಯಾಗಿ ಸೇರಿ ಚಾಸಿಯವರೆಗೆ ಹೋಗುವ ಎರಡು ರೇಡಿಯಸ್ ಆರ್ಮ್‌ಗಳಿವೆ. ಚಾಸಿ ಮೇಲೆದ್ದಾಗ ಆರ್ಮ್ ಎಷ್ಟು ಡಿಗ್ರಿ ಓರೆಯಾಗುತ್ತದೋ ಆಕ್ಸಲ್ಲೂ ಅಷ್ಟೇ ಡಿಗ್ರಿ ಮುಂದಕ್ಕೆ ಹೊರಳುತ್ತದೆ. ಆರ್ಮ್ 1 ಮೀಟರ್ ಉದ್ದವಿದ್ದರೆ 50 ಮಿ.ಮೀ. ಲಿಫ್ಟಿಗೆ ಸುಮಾರು 2.9 ಡಿಗ್ರಿ ಹೋಗುತ್ತದೆ, ಆರ್ಮ್ ಗಿಡ್ಡವಾದಷ್ಟೂ ಇನ್ನೂ ಹೆಚ್ಚು. ಕಾರ್ಖಾನೆಯಿಂದ ಬಂದಾಗಲೇ ಮೂರು ನಾಲ್ಕು ಡಿಗ್ರಿ ಇದ್ದ ಗಾಡಿಯಲ್ಲಿ ಹೀಗಾದರೆ ಉಳಿಯುವುದು ಏನೂ ಇಲ್ಲ. ರ‍್ಯಾಂಗ್ಲರ್‌ನಂತೆ ಮೇಲೆರಡು ಕೆಳಗೆರಡು ಆರ್ಮ್ ಇರುವಲ್ಲಿ ಕಳೆದುಕೊಳ್ಳುವುದು ಕಡಿಮೆ, ಆದರೂ ಕಳೆಯುತ್ತದೆ. ಲೀಫ್ ಸ್ಪ್ರಿಂಗ್ ಗಾಡಿಯಲ್ಲಿ ಶ್ಯಾಕಲ್ (ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ) ಸ್ಪ್ರಿಂಗಿನ ಮುಂದಿನ ತುದಿಯಲ್ಲಿದ್ದು, ಅದನ್ನೇ ಉದ್ದ ಮಾಡಿ ಗಾಡಿ ಎತ್ತಿದರೆ ಕ್ಯಾಸ್ಟರ್ ಬಿದ್ದುಹೋಗುತ್ತದೆ. ಈ ಅಗ್ಗದ ಉಪಾಯ ನನಗೆ ಇಷ್ಟವಿಲ್ಲ.

ಸಾಲಿಡ್ ಆಕ್ಸಲ್ ಗಾಡಿಗೆ ದೊಡ್ಡ ಟೈರಿದ್ದಾಗ 4ರಿಂದ 6 ಡಿಗ್ರಿಯ ನಡುವೆ ತರುವುದು ಒಳ್ಳೆಯ ಗುರಿ. ಅದಕ್ಕಿಂತ ಬಹಳ ಹೆಚ್ಚಿಸಿದರೆ ಸ್ಟೀರಿಂಗ್ ಭಾರವಾಗುತ್ತದೆ, ಸಡಿಲ ಜಾಯಿಂಟಿದ್ದರೆ ನಡುಕವೂ ಕೆರಳಬಹುದು. ಮನೆಯಲ್ಲೇ ಅಳೆಯಲು ಡಿಜಿಟಲ್ ಕೋನಮಾಪಕವನ್ನು ನಕಲ್ಲಿನ (ಆಕ್ಸಲ್ಲಿನ ತುದಿಯಲ್ಲಿ ಚಕ್ರವನ್ನು ಹಿಡಿಯುವ ಭಾಗ) ಅಥವಾ ಆಕ್ಸಲ್ಲಿನ ಒಂದು ಸಪಾಟು ಜಾಗದಲ್ಲಿ ಇಡಿ. ಪ್ರತಿ ಸಲವೂ ಅದೇ ನೆಲ, ಅದೇ ಜಾಗ. ಸಿಕ್ಕ ಅಂಕಿ ನಿಜವಾದ ಕ್ಯಾಸ್ಟರ್ ಅಲ್ಲದಿದ್ದರೂ ಮೊದಲಿಗೂ ಈಗಿಗೂ ಇರುವ ವ್ಯತ್ಯಾಸ ನಿಜವೇ.

ತಿದ್ದುವ ವಿಧಾನ ಗಾಡಿಯ ಮೇಲೆ ನಿಲ್ಲುತ್ತದೆ. ರೇಡಿಯಸ್ ಆರ್ಮ್ ಗಾಡಿಗೆ ತೂತು ನಡುವಿನಿಂದ ಸರಿದಿರುವ ಆಫ್‌ಸೆಟ್ ಬುಷ್ ಬರುತ್ತದೆ, ಎರಡು ಇಂಚಿನ ಲಿಫ್ಟಿಗೆ ಅದು ಸಾಕಾಗಬಹುದು. ಅದಕ್ಕಿಂತ ಎತ್ತರಕ್ಕೆ ಕೋನ ತಿದ್ದಿದ ಹೊಸ ಆರ್ಮ್, ಇಲ್ಲವೇ ಆರ್ಮಿನ ಚಾಸಿ ತುದಿಯನ್ನು ಕೆಳಗಿಳಿಸುವ ಬ್ರಾಕೆಟ್ ಬೇಕು. ಬ್ರಾಕೆಟ್ ಹಾಕಿದರೆ ಬಂಡೆಗೆ ಸಿಗುವ ಜಾಗ ಹೆಚ್ಚುತ್ತದೆ, ಆದರೆ ಆರ್ಮ್ ಮಲಗುವುದರಿಂದ ಗುಂಡಿಯ ಹೊಡೆತ ಮೆತ್ತಗಾಗುತ್ತದೆ. ನಾಲ್ಕು ಆರ್ಮಿನ ಗಾಡಿಗೆ ಉದ್ದ ಹೊಂದಿಸುವ ಆರ್ಮ್‌ಗಳಿವೆ. ಲೀಫ್ ಸ್ಪ್ರಿಂಗಿಗೂ ಆಕ್ಸಲ್ ಪ್ಯಾಡಿಗೂ ನಡುವೆ ಓರೆ ಬೆಣೆ ಹಾಕುತ್ತಾರೆ, ಅದು ಉಕ್ಕಿನದೇ ಇರಲಿ. ಅಲ್ಯೂಮಿನಿಯಂ ಬೆಣೆ ಹಿಂಡಿ ಸೀಳುತ್ತದೆ. ಬೆಣೆಯ ದಪ್ಪ ಅಂಚು ಯಾವ ಕಡೆಗೆ ಎಂಬ ಗೊಂದಲ ಬಂದರೆ ಒಂದೇ ಮಾತು ನೆನಪಿಡಿ: ನಕಲ್ಲಿನ ಮೇಲ್ತುದಿ ಹಿಂದಕ್ಕೆ ವಾಲಬೇಕು.

ಇನ್ನೊಂದು ತೊಡಕಿದೆ. ಕ್ಯಾಸ್ಟರ್ ಹೆಚ್ಚಿಸಲು ಆಕ್ಸಲ್ಲನ್ನು ಹೊರಳಿಸಿದರೆ ಅದರ ಪಿನಿಯನ್ (ಪ್ರೊಪೆಲ್ಲರ್ ಶಾಫ್ಟ್ ಬಂದು ಸೇರುವ ಗೇರು) ಕೆಳಮುಖವಾಗುತ್ತದೆ, ಮುಂದಿನ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟಿಗೆ ಕೋನ ಹೆಚ್ಚುತ್ತದೆ. ಸದಾ ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಗಾಡಿಯಲ್ಲಿ, ಅಥವಾ ಹಬ್ ಬಿಡಿಸಲಾಗದೆ ಶಾಫ್ಟ್ ಸದಾ ತಿರುಗುವ ಗಾಡಿಯಲ್ಲಿ ಇದರಿಂದ ಹೊಸ ಅದುರು ಹುಟ್ಟಬಹುದು. ಹಾಗಾದರೆ ಅರ್ಧ ಡಿಗ್ರಿ, ಒಂದು ಡಿಗ್ರಿ ಹಿಂದೆ ಬನ್ನಿ. ಬಹಳ ಎತ್ತರದ ಗಾಡಿಗಳಲ್ಲಿ ಎರಡನ್ನೂ ಉಳಿಸಿಕೊಳ್ಳುವ ದಾರಿ ಆಕ್ಸಲ್ಲಿನ ತುದಿಯ ವೆಲ್ಡ್ ಕತ್ತರಿಸಿ ನಕಲ್ ಭಾಗವನ್ನಷ್ಟೇ ತಿರುಗಿಸಿ ಮತ್ತೆ ವೆಲ್ಡ್ ಮಾಡುವುದು. ಅದು ಪಳಗಿದ ಕೈಯ ಕೆಲಸ, ಕಲಿಯಲು ಮಾಡುವ ಕೆಲಸವಲ್ಲ.

ಹಂತ 4: ಟೋ, ಆಮೇಲೆ ಸ್ಟೀರಿಂಗ್ ನಡು

ಟೋ ಹೊಂದಿಸುವುದು ಸುಲಭ. ಟೈರಿನ ಮುಂಭಾಗದಲ್ಲಿ ಎರಡು ಚಕ್ರಗಳ ನಡುವಿನ ಅಂತರ, ಅದೇ ಎತ್ತರದಲ್ಲಿ ಹಿಂಭಾಗದ ಅಂತರ ಎರಡನ್ನೂ ಅಳೆಯಿರಿ. ಮುಂದಿನದು 1.5ರಿಂದ 3 ಮಿ.ಮೀ. ಕಡಿಮೆ ಇರಲಿ. ಟೈ ರಾಡ್ ತಿರುಗಿಸಿ ಹೊಂದಿಸಿದ ಮೇಲೆ ಗಾಡಿಯನ್ನು ಕೆಲವು ಮೀಟರ್ ಮುಂದಕ್ಕೆ ಉರುಳಿಸಿ ಮತ್ತೆ ಅಳೆದು, ಲಾಕ್ ನಟ್ ಬಿಗಿಯಿರಿ.

ಸ್ಟೀರಿಂಗ್ ಚಕ್ರವನ್ನು ನೆಟ್ಟಗೆ ಮಾಡುವುದು ಡ್ರ್ಯಾಗ್ ಲಿಂಕಿನ ಉದ್ದ ಬದಲಿಸಿ. ಸ್ಟೀರಿಂಗ್ ಚಕ್ರ ಕಳಚಿ ಹಲ್ಲು ಬದಲಿಸಿ ಕೂರಿಸುವವರೂ ಇದ್ದಾರೆ, ಹಾಗೆ ಖಂಡಿತ ಮಾಡಬೇಡಿ. ಸ್ಟೀರಿಂಗ್ ಬಾಕ್ಸ್ ತನ್ನ ನಡುವಿನಲ್ಲಿ ಅತಿ ಬಿಗಿಯಾಗಿ ಹಿಡಿಯುತ್ತದೆ, ಆ ಜಾಗ ಗಾಡಿ ನೇರ ಹೋಗುವಾಗಲೇ ಸಿಗಬೇಕು. ಸ್ಟೆಬಿಲಿಟಿ ಕಂಟ್ರೋಲ್ ಇರುವ ಗಾಡಿಯಲ್ಲಿ ಇದು ಇನ್ನೂ ಮುಖ್ಯ. ನೇರ ಹೋಗುತ್ತಿದ್ದರೂ ಸ್ಟೀರಿಂಗ್ ತಿರುಗಿದೆ ಎಂದು ಸೆನ್ಸರ್ ಹೇಳಿದರೆ ಕಂಪ್ಯೂಟರ್ ಕಾರಣವಿಲ್ಲದೆ ಬ್ರೇಕ್ ಹಿಡಿಯಬಹುದು. ಹೊಂದಿಸಿದ ನಂತರ ಸ್ಟೀರಿಂಗ್ ಕೋನದ ಸೆನ್ಸರಿಗೆ ಸ್ಕ್ಯಾನರಿನಲ್ಲಿ ಹೊಸ ಶೂನ್ಯ ಕೊಡಿಸಿ.

ಮುಂದೆ ಸಾಲಿಡ್ ಆಕ್ಸಲ್ ಇಲ್ಲದಿದ್ದರೆ

ಹೈಲಕ್ಸ್ ಬಗೆಯ ಗಾಡಿಯಲ್ಲಿ ಪಾನ್‌ಹಾರ್ಡ್ ರಾಡ್ ಇಲ್ಲ, ಡ್ರ್ಯಾಗ್ ಲಿಂಕೂ ಇಲ್ಲ. ರ‍್ಯಾಕ್ ಮತ್ತು ಪಿನಿಯನ್ ಸ್ಟೀರಿಂಗ್. ಇಲ್ಲಿ ಎತ್ತರಕ್ಕೆ ಮಿತಿ ಹಾಕುವುದು ಆಕ್ಸಲ್ ಶಾಫ್ಟಿನ ಸಿವಿ ಜಾಯಿಂಟ್ (ಶಾಫ್ಟ್ ಓರೆಯಾದರೂ ಚಕ್ರವನ್ನು ತಿರುಗಿಸುವ ಜಾಯಿಂಟು) ಮತ್ತು ಮೇಲಿನ ಆರ್ಮಿನ ಬಾಲ್ ಜಾಯಿಂಟ್. ಎರಡು, ಎರಡೂವರೆ ಇಂಚಿಗೆ ನಿಲ್ಲಿಸಿದರೆ ಬದುಕು ಸುಲಭ. ಅಷ್ಟಕ್ಕೂ ಕ್ಯಾಸ್ಟರ್ ಇಳಿಯುತ್ತದೆ, ಕ್ಯಾಂಬರ್ ಮತ್ತು ಟೋ ಬದಲಾಗುತ್ತವೆ. ಕೆಳಗಿನ ಆರ್ಮಿನ ಕ್ಯಾಮ್ ಬೋಲ್ಟ್ ತಿರುಗಿಸಿ ಅಲೈನ್‌ಮೆಂಟ್ ತರಲು ನೋಡಿದಾಗ ಕ್ಯಾಂಬರ್ ಸರಿ ಬಂದರೂ ಕ್ಯಾಸ್ಟರಿಗೆ ಜಾಗ ಉಳಿಯದೆ ಹೋಗುತ್ತದೆ. ಬಾಲ್ ಜಾಯಿಂಟನ್ನು ಹಿಂದಕ್ಕೆ ಸರಿಸಿ, ಹೆಚ್ಚು ಕೋನಕ್ಕೆ ಆಡುವಂತೆ ಮಾಡಿದ ಮೇಲಿನ ಆರ್ಮ್‌ಗಳಿಗೆ ಹಣ ಹಾಕುವುದು ಆಗ ಸಾರ್ಥಕ. ಶಾಕಿನ ಮೇಲೆ ಸ್ಪೇಸರ್ ಇಟ್ಟು ಎತ್ತುವುದಕ್ಕಿಂತ ಎತ್ತರಕ್ಕೆ ತಕ್ಕಂತೆ ಮಾಡಿದ ಸ್ಪ್ರಿಂಗ್ ಮತ್ತು ಶಾಕ್ ಒಟ್ಟಿಗೆ ಹಾಕುವುದು ಎಷ್ಟೋ ಮೇಲು. ಸ್ಪೇಸರ್ ಹಾಕಿದರೆ ಚಕ್ರ ಕೆಳಗೆ ಜೋತಾಗ ಜಾಯಿಂಟುಗಳು ತಮ್ಮ ಮಿತಿ ದಾಟಿ ಹೋಗುತ್ತವೆ.

ಟೈರು, ರಿಮ್ಮು, ಗಾಳಿ

265/70 ಆರ್17 ಟೈರಿನ ವ್ಯಾಸ ಸುಮಾರು 803 ಮಿ.ಮೀ. 285/70 ಆರ್17ರದ್ದು ಸುಮಾರು 831. ಮೂರೂವರೆ ಶೇಕಡಾ ದೊಡ್ಡದು. ಸ್ಪೀಡೋಮೀಟರ್ 100 ತೋರಿಸುವಾಗ ನೀವು ಮೊದಲಿಗಿಂತ ಮೂರೂವರೆ ಕಿ.ಮೀ. ಹೆಚ್ಚು ವೇಗದಲ್ಲಿದ್ದೀರಿ. ದೊಡ್ಡ ಟೈರು ಭಾರವೂ ಹೌದು, ಆ ಭಾರ ಸ್ಪ್ರಿಂಗಿನ ಕೆಳಗೆ ಇರುವುದರಿಂದ ಪ್ರತಿ ಗುಂಡಿಯ ಹೊಡೆತ ಸ್ಟೀರಿಂಗಿಗೆ ಜೋರಾಗಿ ಬರುತ್ತದೆ, ಬ್ರೇಕಿಗೂ ಹೆಚ್ಚು ಕೆಲಸ.

ರಿಮ್ಮಿನ ಆಫ್‌ಸೆಟ್ (ರಿಮ್ಮಿನ ನಡುಗೆರೆಯಿಂದ ಅದು ಹಬ್ಬಿಗೆ ಕೂರುವ ಮುಖದವರೆಗಿನ ದೂರ, ಮಿ.ಮೀ.ಗಳಲ್ಲಿ) ವಿಚಾರದಲ್ಲಿ ನೋಟಕ್ಕೆ ಮರುಳಾಗುವವರು ಬಹಳ. ಆಫ್‌ಸೆಟ್ 30ರಿಂದ 0ಗೆ ಇಳಿದರೆ ಚಕ್ರ ತಲಾ 30 ಮಿ.ಮೀ. ಹೊರಗೆ ನಿಲ್ಲುತ್ತದೆ. ಗಾಡಿ ಅಗಲವಾಗಿ ವಾಲುವುದು ಸ್ವಲ್ಪ ಕಡಿಮೆಯಾಗುವುದು ನಿಜ. ಆದರೆ ಸ್ಟೀರಿಂಗ್ ಅಕ್ಷಕ್ಕೂ ಟೈರಿನ ನಡುವಿಗೂ ಇರುವ ದೂರ ಹೆಚ್ಚಿ, ಒಂದು ಚಕ್ರ ಗುಂಡಿಗೆ ಬಿದ್ದಾಗ ಸ್ಟೀರಿಂಗ್ ಕೈಯಿಂದ ಕಿತ್ತುಕೊಳ್ಳುತ್ತದೆ, ಹಬ್ ಬೇರಿಂಗ್ ಬೇಗ ಸವೆಯುತ್ತದೆ. ಟೈರು ಎಲ್ಲೂ ಉಜ್ಜದಿರಲು ಬೇಕಾದಷ್ಟೇ ಹೊರಗೆ ತನ್ನಿ.

ಗಾಳಿಯ ಒತ್ತಡಕ್ಕೆ ಸೀಮೆಸುಣ್ಣದ ಪರೀಕ್ಷೆ ಮಾಡಿ. ಟೈರಿನ ಅಡ್ಡಕ್ಕೆ ದಪ್ಪ ಗೆರೆ ಎಳೆದು ನೇರ ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿ. ನಡುವೆ ಮಾತ್ರ ಅಳಿಸಿದರೆ ಗಾಳಿ ಹೆಚ್ಚು, ಅಂಚುಗಳಲ್ಲಿ ಮಾತ್ರ ಅಳಿಸಿದರೆ ಕಡಿಮೆ. ಸಮನಾಗಿ ಅಳಿಸುವಲ್ಲಿಗೆ ತನ್ನಿ. ಭಾರ ಹೊರುವ ದಪ್ಪ ಗೋಡೆಯ ಟೈರಿಗೆ ಅದರ ಮೇಲೆ ಬರೆದ ಗರಿಷ್ಠ ಒತ್ತಡ ತುಂಬಿ ಓಡಿಸುವವರ ಗಾಡಿ ರಸ್ತೆಯ ಮೇಲೆ ಪುಟಿಯುತ್ತಲೇ ಇರುತ್ತದೆ. ತುಂಬು ಸಾಮಾನು ಹೇರಿದಾಗ ಒತ್ತಡ ಹೆಚ್ಚಿಸುವುದನ್ನೂ ಮರೆಯಬೇಡಿ.

ವಾಲುವಿಕೆ ಮತ್ತು ಹಿಂಭಾಗ

ತಿರುವಿನಲ್ಲಿ ಬಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಅದನ್ನು ಪಾನ್‌ಹಾರ್ಡ್ ರಾಡಿನ ಎತ್ತರ ನಿರ್ಧರಿಸುತ್ತದೆ. ಲಿಫ್ಟ್ ಮಾಡಿದಾಗ ಭಾರದ ಕೇಂದ್ರ ಪೂರ್ತಿ ಮೇಲೇರುತ್ತದೆ, ಈ ಬಿಂದು ಅಷ್ಟು ಏರುವುದಿಲ್ಲ. ಎರಡರ ನಡುವಿನ ದೂರ ಹೆಚ್ಚಿದಷ್ಟೂ ವಾಲು ಹೆಚ್ಚು. ರಾಡಿನ ಆಕ್ಸಲ್ ತುದಿಯನ್ನು ಎತ್ತಿದರೆ ಬಿಂದುವೂ ಮೇಲೇರಿ ವಾಲು ಇಳಿಯುತ್ತದೆ. ಚಾಸಿ ತುದಿಯನ್ನು ಇಳಿಸಿದರೆ ಬಿಂದುವೂ ಕೆಳಗಿಳಿಯುತ್ತದೆ. ಹಿಂದಿನ ಆಕ್ಸಲ್ಲಿಗೂ ಇದು ಅನ್ವಯ. ನನ್ನ ಮಟ್ಟಿಗೆ ಹಿಂದೆ ಈ ಒಂದು ಬ್ರಾಕೆಟ್ ಕೊಡುವ ವ್ಯತ್ಯಾಸದ ಮುಂದೆ ದುಬಾರಿ ಶಾಕ್‌ಗಳೂ ಸಣ್ಣವೇ.

ತಿರುವಿನಲ್ಲಿ ವಾಲುವುದನ್ನು ತಡೆಯುವ ಸ್ವೇ ಬಾರಿನ ಲಿಂಕುಗಳ ಉದ್ದ ಲಿಫ್ಟಿನ ನಂತರ ಸಾಲದಾಗುತ್ತದೆ. ಬಾರಿನ ಕೈಗಳು ಮತ್ತೆ ಹೆಚ್ಚುಕಡಿಮೆ ನೆಲಕ್ಕೆ ಸಮವಾಗುವಷ್ಟು ಉದ್ದದ ಲಿಂಕ್ ಹಾಕಿ. ಕಲ್ಲುದಾರಿಯಲ್ಲಿ ಕಳಚಿ, ಹೆದ್ದಾರಿಗೆ ಬರುವ ಮೊದಲು ಮತ್ತೆ ಜೋಡಿಸಿ. ಪೂರ್ತಿ ತೆಗೆದೆಸೆದು ಹೆದ್ದಾರಿಯಲ್ಲಿ ಓಡಿಸುವುದು ಅಪಾಯ, ಎದುರಿಗೆ ಏನೋ ಅಡ್ಡ ಬಂದು ಗಾಡಿ ತಿರುಗಿಸಿದ ಗಳಿಗೆಯಲ್ಲಿ ಆ ಬಾರಿನ ಬೆಲೆ ಗೊತ್ತಾಗುತ್ತದೆ.

"ಹಿಂದಿನ ಭಾಗ ತಾನೇ ಸ್ಟೀರಿಂಗ್ ಮಾಡುತ್ತಿದೆ" ಎನ್ನಿಸುವುದಕ್ಕೂ ಕಾರಣವಿದೆ. ಹಿಂದಿನ ಕೆಳ ಆರ್ಮ್‌ಗಳ ಚಾಸಿ ತುದಿ ಆಕ್ಸಲ್ ತುದಿಗಿಂತ ಬಹಳ ಮೇಲಿದ್ದರೆ, ಗಾಡಿ ವಾಲಿದಾಗ ಹೊರಗಿನ ಚಕ್ರ ಹಿಂದಕ್ಕೂ ಒಳಗಿನ ಚಕ್ರ ಮುಂದಕ್ಕೂ ಸರಿದು ಇಡೀ ಆಕ್ಸಲ್ ತಿರುವಿನ ಹೊರಕ್ಕೆ ಮುಖ ಮಾಡುತ್ತದೆ. ಗಾಡಿ ಬೇಕಾದ್ದಕ್ಕಿಂತ ಹೆಚ್ಚು ತಿರುಗುತ್ತದೆ. ಆರ್ಮ್‌ಗಳನ್ನು ಮತ್ತೆ ಮಲಗಿಸುವ ಬ್ರಾಕೆಟ್ ಇದಕ್ಕೆ ಪರಿಹಾರ.

ಸ್ಪ್ರಿಂಗ್ ಆರಿಸುವಾಗ ನೀವು ನಿಜಕ್ಕೂ ಹೊರುವ ತೂಕ ಹೇಳಿ. ವಿಂಚ್, ಉಕ್ಕಿನ ಬಂಪರ್ ಇಲ್ಲದ ಗಾಡಿಗೆ ಅವುಗಳಿಗೆಂದು ಮಾಡಿದ ಸ್ಪ್ರಿಂಗ್ ಹಾಕಿದರೆ ಗಾಡಿ ಕುಣಿಯುತ್ತದೆ, ಹೇಳಿದ್ದಕ್ಕಿಂತ ಎತ್ತರವೂ ಆಗುತ್ತದೆ. ಶಾಕ್ ಆ ಸ್ಪ್ರಿಂಗಿಗೆ ಹೊಂದುವಂತಿರಲಿ.

ಸ್ಟೀರಿಂಗ್ ಬಾಕ್ಸ್, ಡ್ಯಾಂಪರ್, ಡೆತ್ ವಾಬಲ್

ಎಲ್ಲ ಜಾಯಿಂಟು ಬಿಗಿಯಿದ್ದೂ ಸ್ಟೀರಿಂಗ್ ನಡುವಿನಲ್ಲಿ ಸಡಿಲವಿದ್ದರೆ ಬಾಕ್ಸಿನ ಮೇಲಿನ ಹೊಂದಾಣಿಕೆ ಸ್ಕ್ರೂ ನೋಡಬಹುದು. ಚಕ್ರ ನೆಟ್ಟಗಿಟ್ಟು ಒಂದು ಸಲಕ್ಕೆ ಎಂಟನೇ ಒಂದು ಸುತ್ತಿಗಿಂತ ಹೆಚ್ಚು ಬಿಗಿಯಬೇಡಿ, ಪ್ರತಿ ಸಲವೂ ಓಡಿಸಿ ನೋಡಿ. ತಿರುವಿನ ನಂತರ ಸ್ಟೀರಿಂಗ್ ಮರಳದೆ ಹಿಡಿದರೆ ಹೆಚ್ಚಾಯಿತು ಎಂದರ್ಥ, ಹಿಂದಕ್ಕೆ ಬಿಡಿ. ದೊಡ್ಡ ಟೈರಿನ ಗಾಡಿಯಲ್ಲಿ ಬಾಕ್ಸ್ ಕೂತ ಜಾಗದ ಚಾಸಿಗೆ ಬಿರುಕು ಬಂದಿದೆಯೇ ಎಂದು ತೊಳೆದು ನೋಡುವುದು ಒಳ್ಳೆಯ ಅಭ್ಯಾಸ.

ಗಂಟೆಗೆ 70-90 ಕಿ.ಮೀ. ವೇಗದಲ್ಲಿ ಒಂದು ಗುಂಡಿ ಹೊಡೆದೊಡನೆ ಮುಂದಿನ ಇಡೀ ಆಕ್ಸಲ್ ಹುಚ್ಚೆದ್ದು ನಡುಗುವುದಕ್ಕೆ ಡೆತ್ ವಾಬಲ್ ಎನ್ನುತ್ತಾರೆ. ಹಾಗಾದರೆ ಸ್ಟೀರಿಂಗನ್ನು ಗಟ್ಟಿಯಾಗಿ ಹಿಡಿದು, ಬ್ರೇಕನ್ನು ಏಕಾಏಕಿ ತುಳಿಯದೆ ಆಕ್ಸಿಲರೇಟರ್ ಬಿಟ್ಟು ಮೆಲ್ಲಗೆ ವೇಗ ಇಳಿಸಿ, ನಡುಕ ನಿಂತ ಮೇಲೆ ಪಕ್ಕಕ್ಕೆ ಬನ್ನಿ. ಆ ಗಾಡಿಯನ್ನು ಕಾರಣ ಸಿಗುವವರೆಗೆ ಮತ್ತೆ ಹೆದ್ದಾರಿಗೆ ತರಬೇಡಿ. ಹುಡುಕುವ ವಿಧಾನ ಮೊದಲ ಹಂತದ್ದೇ, ಕ್ರಮ ಮಾತ್ರ ಹೀಗೆ: ಪಾನ್‌ಹಾರ್ಡ್ ರಾಡಿನ ಬೋಲ್ಟು ಮತ್ತು ಬುಷ್, ಬಾಲ್ ಜಾಯಿಂಟ್ ಅಥವಾ ಕಿಂಗ್‌ಪಿನ್ ಬೇರಿಂಗ್, ಟೈ ರಾಡ್ ತುದಿ, ಹಬ್ ಬೇರಿಂಗ್, ಟೈರ್ ಬ್ಯಾಲೆನ್ಸ್. ಟೈರು ಬ್ಯಾಲೆನ್ಸ್ ಇಲ್ಲದಿರುವುದು ನಡುಕವನ್ನು ಶುರುಮಾಡುತ್ತದೆ, ಸಡಿಲ ಜಾಯಿಂಟು ಅದನ್ನು ನಿಲ್ಲಲು ಬಿಡುವುದಿಲ್ಲ.

ಇಷ್ಟೆಲ್ಲ ಮುಗಿದ ಮೇಲೆ ಡ್ಯಾಂಪರ್. ಡ್ಯಾಂಪರ್ ಕಳಚಿಟ್ಟು ಎಚ್ಚರದಿಂದ ಓಡಿಸಿದರೂ ಗಾಡಿ ನಡುಗದಿದ್ದರೆ ನಿಮ್ಮ ಕೆಲಸ ಸರಿಯಾಗಿದೆ. ಆಮೇಲೆ ಹಾಕುವ ಡ್ಯಾಂಪರ್ ಕಲ್ಲಿನ ಹೊಡೆತವನ್ನು ಮೆತ್ತಗೆ ಮಾಡುವುದಕ್ಕಷ್ಟೇ. ಹೊಸ ಡ್ಯಾಂಪರ್ ಹಾಕಿದೊಡನೆ ಗಾಡಿ ಒಂದು ಕಡೆಗೆ ಎಳೆಯಲು ಶುರುಮಾಡಿದರೆ ಅದರೊಳಗಿನ ಗ್ಯಾಸ್ ಒತ್ತಡವೇ ಸರಳನ್ನು ತಳ್ಳುತ್ತಿರಬಹುದು. ಕಳಚಿ ಓಡಿಸಿದರೆ ಗೊತ್ತಾಗುತ್ತದೆ.

ಬಿಗಿಯುವುದು ಮತ್ತು ಓಡಿಸಿ ನೋಡುವುದು

ರಬ್ಬರ್ ಬುಷ್ಷಿನ ಬೋಲ್ಟುಗಳನ್ನು ಗಾಡಿ ಎತ್ತಿರುವಾಗ ಪೂರ್ತಿ ಬಿಗಿಯಬೇಡಿ. ಚಕ್ರ ನೆಲಕ್ಕೆ ತಂದು, ಬಂಪರ್ ಒತ್ತಿ ನಾಲ್ಕು ಸಲ ಕುಲುಕಿಸಿ, ಗಾಡಿ ತನ್ನ ಎತ್ತರಕ್ಕೆ ಕೂತ ಮೇಲೆ ಟಾರ್ಕ್ ರೆಂಚಿನಲ್ಲಿ ಕೈಪಿಡಿಯ ಅಳತೆಗೆ ಬಿಗಿಯಿರಿ. ಜೋತಿರುವಾಗ ಬಿಗಿದ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಟೈ ರಾಡ್ ತುದಿಗಳ ನಟ್ಟಿಗೆ ಹೊಸ ಕಾಟರ್ ಪಿನ್ ಹಾಕಿ. ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಸಸ್ಪೆನ್ಷನ್ ಪೂರ್ತಿ ಇಳಿಬಿಟ್ಟು, ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರು ಎಳೆಯುತ್ತಿಲ್ಲವೆಂದು ನೋಡಿ.

ಮೊದಲ ಓಟ ಖಾಲಿ ರಸ್ತೆಯಲ್ಲಿ, ನಿಧಾನದಿಂದ ಶುರುವಾಗಲಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಓಡಿಸಿ, ಏನಾಯಿತೆಂದು ಬರೆದಿಡಿ. ಕ್ಯಾಸ್ಟರ್, ಟೋ, ಗಾಳಿ ಮೂರನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಮೊದಲ 100 ಕಿ.ಮೀ. ಆದ ಮೇಲೆ ಪ್ರತಿ ಬೋಲ್ಟನ್ನೂ ಮತ್ತೆ ಬಿಗಿದು ನೋಡಿ, 500 ಕಿ.ಮೀ. ಆದ ಮೇಲೆ ಇನ್ನೊಮ್ಮೆ. ಅಷ್ಟರಲ್ಲಿ ಹೊಸ ಸ್ಪ್ರಿಂಗ್ ಸ್ವಲ್ಪ ಕುಳಿತಿರುತ್ತದೆ. ಹಬ್ಬಿನಿಂದ ಫೆಂಡರಿನ ಎತ್ತರ ಮತ್ತೆ ಅಳೆದು, ಅಂಕಿ ಬದಲಾಗಿದ್ದರೆ ಆಕ್ಸಲ್ಲಿನ ನಡು, ಕ್ಯಾಸ್ಟರ್, ಟೋ ಮೂರನ್ನೂ ಅದೇ ಕ್ರಮದಲ್ಲಿ ಮರುಪರೀಕ್ಷೆ ಮಾಡಿ. ಕಲ್ಲುದಾರಿಗೆ ಹೋಗಿ ಬಂದ ಪ್ರತಿ ಸಲವೂ ಪಾನ್‌ಹಾರ್ಡ್ ರಾಡಿನ ಎರಡು ಬೋಲ್ಟುಗಳಿಗೆ ಸ್ಪ್ಯಾನರ್ ತಾಗಿಸಿ. ಬೋಲ್ಟಿನ ತಲೆಗೂ ಬ್ರಾಕೆಟ್ಟಿಗೂ ಸೇರಿಸಿ ಬಣ್ಣದ ಒಂದು ಗೆರೆ ಎಳೆದಿಟ್ಟರೆ ಸಡಿಲಾದದ್ದು ನೋಡಿದೊಡನೆ ಗೊತ್ತಾಗುತ್ತದೆ.